ರಾಕೆಟ್ ನೋಡಲು ಮಕ್ಕಳ ಜೊತೆ ಹೊರಟಿದ್ದೀರಾ? ಮೊದಲು ಬುತ್ತಿ ಕಟ್ಟಿಕೊಳ್ಳಿ

2023ರ ಆಗಸ್ಟ್ 23, ಬುಧವಾರ. ಚಂದ್ರಯಾನ-3 ಚಂದ್ರನ ಮೇಲೆ ಇಳಿಯುವ ದಿನ. ಪಂಚಮಿ ಹಬ್ಬ ಮುಗಿಸಿ ತವರಿನಿಂದ ಹುಬ್ಬಳ್ಳಿಗೆ ಹೊರಟಿದ್ದೆವು. ಉಂಡಿ ಡಬ್ಬಿ ಕಟ್ಟುತ್ತಾ, ಅವ್ವನ ಜೊತೆ ಬಾಗಿಲಲ್ಲೇ ಇನ್ನರ್ಧ ತಾಸು ಮಾತಾಡುತ್ತಾ, ಗದಗ ಬಿಟ್ಟಾಗ ಐದು ಗಂಟೆ. ಆರರೊಳಗೆ ಮನೆ ಮುಟ್ಟಿ ಟಿವಿ ಮುಂದೆ ಕೂರಬೇಕು ಅಂತ ಲೆಕ್ಕ. ಹುಲಕೋಟಿ ದಾಟುವಷ್ಟರಲ್ಲಿ ಆ ಲೆಕ್ಕ ತಪ್ಪಿತ್ತು. ಹಿಂದಿನ ಸೀಟಿನಲ್ಲಿ ಒಂಬತ್ತು ವರ್ಷದ ಮಗ ನಿಮಿಷಕ್ಕೊಮ್ಮೆ ಗಡಿಯಾರ ನೋಡುತ್ತಿದ್ದ. “ಅವ್ವಾ, 5.44ಕ್ಕ ಇಳಿಯಾಕ ಶುರು ಮಾಡ್ತದ. ಮನಿ ಮುಟ್ಟಂಗಿಲ್ಲ ನಾವು.” ಮೊಬೈಲಿನಲ್ಲಿ ನೆಟ್‌ವರ್ಕ್ ಬರುತ್ತಿತ್ತು, ಹೋಗುತ್ತಿತ್ತು.

ಅಣ್ಣಿಗೇರಿ ಹತ್ತಿರ ರಸ್ತೆ ಬದಿಯ ಖಾನಾವಳಿಯಲ್ಲಿ ಗೋಡೆಗೆ ಟಿವಿ ಕಂಡಿತು. ಗಾಡಿ ನಿಲ್ಲಿಸಿದೆವು. ಒಳಗೆ ಧಾರಾವಾಹಿ ನಡೆದಿತ್ತು. “ಅಣ್ಣಾರ, ಸ್ವಲ್ಪ ಚಂದ್ರಯಾನ ಹಾಕ್ತೀರೇನ್ರಿ?” ಅಂದೆ. “ಹಾಕೂಣಂತ್ರಿ, ರಿಮೋಟಿನ ಸೆಲ್ ಹೋಗ್ಯಾವ” ಅಂತ ಮಾಲೀಕರು ಸ್ಟೂಲ್ ಹತ್ತಿ ಕೈಯಿಂದಲೇ ಚಾನೆಲ್ ತಿರುಗಿಸಿದರು.

ಆ ಸಂಜೆಯ ಮಾತಿಗೆ ಮತ್ತೆ ಬರುತ್ತೇನೆ. ಅದಕ್ಕೂ 40 ದಿನ ಮೊದಲು, ಜುಲೈ 14ರಂದು, ಇದೇ ಮಕ್ಕಳನ್ನು ಕಟ್ಟಿಕೊಂಡು ಶ್ರೀಹರಿಕೋಟಾಕ್ಕೆ ಹೋಗಿ ಚಂದ್ರಯಾನ-3 ಹಾರಿದ್ದನ್ನು ನೋಡಿ ಬಂದಿದ್ದೆವು. ಅಂದಿನಿಂದ “ಹೆಂಗ್ ಹೋದ್ರಿ, ಏನೇನು ಒಯ್ದಿದ್ರಿ” ಅಂತ ಕೇಳುವವರು ಜಾಸ್ತಿ. ಗಗನಯಾನ ಬೇರೆ ಬರಲಿದೆ. ಮೊದಲು ಮನುಷ್ಯರಿಲ್ಲದ ಹಾರಾಟ, ಆಮೇಲೆ ನಮ್ಮವರೇ ನಮ್ಮ ನೆಲದಿಂದ ಹಾರುವುದು. ಅದನ್ನು ಮಕ್ಕಳಿಗೆ ತೋರಿಸಬೇಕು ಅನ್ನುವವರಿಗಾಗಿ ಇದನ್ನು ಬರೆದಿದ್ದೇನೆ.

ಮೊದಲು ಮಗುವಿನ ವಯಸ್ಸು ನೋಡಿ

ಮಗನಿಗೆ ಆಗ ಒಂಬತ್ತು, ಮಗಳಿಗೆ ಐದು. ಮಗನಿಗೆ ಇಡೀ ದಿನ ನೆನಪಿದೆ. ಮಗಳಿಗೆ ನೆನಪಿರುವುದು ರೈಲಿನ ಮೇಲಿನ ಬರ್ತ್ ಮಾತ್ರ. ಆರು ವರ್ಷದೊಳಗಿನ ಮಗುವನ್ನು ಒಯ್ಯಬೇಡಿ ಅಂತ ಹೇಳುವುದಿಲ್ಲ. ಒಯ್ದರೆ ಅದು ನಿಮ್ಮ ಆಸೆಗೆ ಒಯ್ದದ್ದು ಅಂತ ತಿಳಿದಿರಲಿ, ಅಷ್ಟೇ. ಆಮೇಲೆ “ಅಷ್ಟು ದೂರ ಕರ್ಕೊಂಡು ಹೋಗಿದ್ವಿ, ನೆನಪೇ ಇಲ್ಲೇನು?” ಅಂತ ಆ ಮಗುವನ್ನು ಬೈಯಬಾರದು.

ಟಿಕೆಟ್‌ಗಿಂತ ಮೊದಲು ತಿಮ್ಮಪ್ಪ

ರಾಕೆಟ್ಟಿನ ಮುಹೂರ್ತ ನಮ್ಮ ಕೈಯಲ್ಲಿಲ್ಲ. ಇಸ್ರೋದವರ ಕೈಯಲ್ಲೂ ಪೂರ್ತಿ ಇಲ್ಲ. ನನ್ನ ಅಕ್ಕ-ಭಾವ 2019ರ ಜುಲೈನಲ್ಲಿ ಚಂದ್ರಯಾನ-2 ನೋಡಲು ಹೋಗಿದ್ದರು. 15ನೇ ತಾರೀಖು ಬೆಳಗಿನ ಜಾವ 2.51ಕ್ಕೆ ಹಾರಬೇಕಿತ್ತು. ಮಕ್ಕಳನ್ನು ತೊಡೆ ಮೇಲೆ ಮಲಗಿಸಿಕೊಂಡು ಕೂತಿದ್ದಾರೆ. ಇನ್ನು 56 ನಿಮಿಷ 24 ಸೆಕೆಂಡು ಇದೆ ಅನ್ನುವಾಗ ಗಡಿಯಾರ ನಿಂತಿತು. ತಾಂತ್ರಿಕ ತೊಂದರೆ, ಇವತ್ತಿಲ್ಲ ಅಂದರು. ಮುಂದೆ ಜುಲೈ 22ರ ಮಧ್ಯಾಹ್ನ 2.43ಕ್ಕೆ ಅದು ಸರಿಯಾಗಿಯೇ ಹಾರಿತು. ಅಷ್ಟರಲ್ಲಿ ಭಾವನ ರಜೆ ಮುಗಿದು ಆಫೀಸಿನಲ್ಲಿ ಕೂತಿದ್ದರು.

ಅವರು ಮಾಡಿದ ತಪ್ಪು ಒಂದೇ. ಇಡೀ ಟ್ರಿಪ್ಪನ್ನು ಆ ಒಂದು ಗಳಿಗೆಗೆ ಕಟ್ಟಿದ್ದರು. ಅದು ತಪ್ಪಿದ ಮೇಲೆ ಮಕ್ಕಳಿಗೆ ಏನೂ ಉಳಿಯಲಿಲ್ಲ.

ಹಾಗಾಗಿ ನಾವು ಬೇರೆ ದಾರಿ ಹಿಡಿದೆವು. ಎಲ್ಲರೂ ಹೇಳುವ ದಾರಿ ಅಂದರೆ ಹುಬ್ಬಳ್ಳಿಯಿಂದ ಬೆಂಗಳೂರು, ಅಲ್ಲಿಂದ ಚೆನ್ನೈ, ಚೆನ್ನೈನಿಂದ ಲೋಕಲ್ ರೈಲಿನಲ್ಲಿ ಸುಳ್ಳೂರುಪೇಟೆ, ಅಲ್ಲಿಂದ ಪುಲಿಕಾಟ್ ಸರೋವರದ ನಡುವಿನ ರಸ್ತೆಯಲ್ಲಿ ಶ್ರೀಹರಿಕೋಟಾ. ನಮ್ಮ ಕಡೆಯವರಿಗೆ ಇದಕ್ಕಿಂತ ಒಳ್ಳೆಯದು ತಿರುಪತಿ. ಕೊಲ್ಹಾಪುರದಿಂದ ಬರುವ ಹರಿಪ್ರಿಯಾ ಎಕ್ಸ್‌ಪ್ರೆಸ್ ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಗದಗ ಮೇಲೆ ನೇರ ತಿರುಪತಿಗೆ ಹೋಗುತ್ತದೆ. ರೈಲು ಬದಲಿಸುವ ಗೋಜಿಲ್ಲ. ತಿರುಪತಿಯಿಂದ ಸುಳ್ಳೂರುಪೇಟೆಗೆ ಗಾಡಿಯಲ್ಲಿ ಸುಮಾರು ಎರಡು ತಾಸು. ನಡುವೆ ಶ್ರೀಕಾಳಹಸ್ತಿ ಸಿಗುತ್ತದೆ.

ರಾಕೆಟ್ ಹಾರದಿದ್ದರೂ ತಿಮ್ಮಪ್ಪ ಎಲ್ಲಿಗೂ ಹೋಗುವುದಿಲ್ಲ, ಅಲ್ವಾ? ಮನೆಯ ಹಿರಿಯರನ್ನು ಒಪ್ಪಿಸುವುದೂ ಸುಲಭ. ನಮ್ಮ ಅತ್ತೆಗೆ ರಾಕೆಟ್ ಅಂದಿದ್ದರೆ ಬರುತ್ತಿರಲಿಲ್ಲ. ತಿರುಪತಿ ಅಂದೆವು, ಮೊದಲು ಅವರೇ ಚೀಲ ತುಂಬಿದರು. ಇಸ್ರೋದವರೂ ಉಡಾವಣೆಗೆ ಮೊದಲು ತಿರುಮಲಕ್ಕೆ, ಸುಳ್ಳೂರುಪೇಟೆಯ ಚೆಂಗಾಳಮ್ಮನ ಗುಡಿಗೆ ಹೋಗಿ ಬರುತ್ತಾರೆ ಅಂತ ಹೇಳಿದ ಮೇಲೆ ಅತ್ತೆಗೆ ರಾಕೆಟ್ ಮೇಲೂ ವಿಶ್ವಾಸ ಬಂತು.

ತಾರೀಖು ಸಾಮಾನ್ಯವಾಗಿ ತೀರಾ ಮೊದಲೇ ಗಟ್ಟಿಯಾಗುವುದಿಲ್ಲ. ಅಷ್ಟರಲ್ಲಿ ರಿಸರ್ವೇಷನ್ ತುಂಬಿರುತ್ತದೆ. ಸುದ್ದಿಯಲ್ಲಿ ಅಂದಾಜು ವಾರ ಕೇಳಿದ ಕೂಡಲೇ ಟಿಕೆಟ್ ತೆಗೆದಿಡಿ. ಬೇಡವಾದರೆ ರದ್ದು ಮಾಡಿ ಸ್ವಲ್ಪ ದುಡ್ಡು ಕಳಕೊಳ್ಳಿ. ತತ್ಕಾಲ್ ನಂಬಿ ಕೂತರೆ ಮಕ್ಕಳ ಮುಖ ನೋಡಲಾಗುವುದಿಲ್ಲ. ಉಡಾವಣೆ ದಿನದ ಆಚೆಗೂ ಒಂದು ದಿನ ಖಾಲಿ ಇಟ್ಟುಕೊಳ್ಳಿ.

ಗ್ಯಾಲರಿಯ ಪಾಸ್

ಶ್ರೀಹರಿಕೋಟಾದ ಸತೀಶ್ ಧವನ್ ಬಾಹ್ಯಾಕಾಶ ಕೇಂದ್ರದಲ್ಲಿ ಜನರಿಗಾಗಿ ವೀಕ್ಷಣಾ ಗ್ಯಾಲರಿ ಇದೆ. 2019ರಲ್ಲಿ ಶುರುವಾಯಿತು. ಸ್ಟೇಡಿಯಂ ತರಹದ ಮೆಟ್ಟಿಲು, ದೊಡ್ಡ ಪರದೆಗಳು. ಕೇಂದ್ರದ ವೆಬ್‌ಸೈಟಿನಲ್ಲಿ ಮೊದಲೇ ಹೆಸರು ನೋಂದಾಯಿಸಬೇಕು. ದೊಡ್ಡ ಉಡಾವಣೆಯಾದರೆ ಜಾಗ ಬೇಗ ತುಂಬುತ್ತದೆ, ನೋಂದಣಿ ತೆರೆಯುವ ಹೊತ್ತಿಗೆ ಇಬ್ಬರು ಎರಡು ಮೊಬೈಲ್ ಹಿಡಿದು ಕೂರಿ. ಗುರುತಿನ ಚೀಟಿಯ ಅಸಲು ಪ್ರತಿ ಜೊತೆಗಿರಲಿ, ಮಕ್ಕಳದ್ದೂ. ಒಳಗೆ ಏನು ಒಯ್ಯಬಹುದು, ಏನು ಬೇಡ ಅನ್ನುವ ಸೂಚನೆಯನ್ನು ಹೊರಡುವ ಹಿಂದಿನ ರಾತ್ರಿ ಇನ್ನೊಮ್ಮೆ ಓದಿ. ಪಾಸ್ ಸಿಗದಿದ್ದರೆ ಬೇಜಾರು ಬೇಡ, ಸುಳ್ಳೂರುಪೇಟೆ ಕಡೆಯಿಂದಲೂ ಆಕಾಶಕ್ಕೆ ಏರುವ ಬೆಂಕಿ ಕಾಣುತ್ತದೆ.

ಮನೆಯಲ್ಲೇ ಅರ್ಧ ಟ್ರಿಪ್ ಮುಗಿಸಿ

ಏನು ನೋಡಲು ಹೊರಟಿದ್ದೇವೆ ಅಂತ ಗೊತ್ತಿಲ್ಲದ ಮಗುವಿಗೆ ರಾಕೆಟ್ಟೂ ಒಂದೇ, ದೀಪಾವಳಿಯ ಬಾಣವೂ ಒಂದೇ. ಹಾಗಂತ ಪಾಠ ಮಾಡಬೇಡಿ. ಮಕ್ಕಳಿಗೆ ಗೊತ್ತಿರುವ ಅಳತೆಯಲ್ಲಿ ಹೇಳಿ. ಚಂದ್ರಯಾನ-3 ಹೊತ್ತ ಎಲ್‌ವಿಎಂ3 ರಾಕೆಟ್ಟಿನ ಎತ್ತರ 43.5 ಮೀಟರ್. ಅಂದರೆ ಹಳೇ ಮಾದರಿಯ ಎರಡು ರೈಲು ಡಬ್ಬಿಗಳನ್ನು ಒಂದರ ಮೇಲೊಂದು ನೆಟ್ಟಗೆ ನಿಲ್ಲಿಸಿದಷ್ಟು. ತೂಕ 640 ಟನ್. ಅದು ಎಷ್ಟು ಟ್ರ್ಯಾಕ್ಟರ್ ಕಬ್ಬು ಆಗುತ್ತದೆ ಅಂತ ಲೆಕ್ಕ ಹಾಕಲು ಮಗನಿಗೆ ಬಿಟ್ಟಿದ್ದೆ. ಎರಡು ದಿನ ನನಗೆ ಆರಾಮ.

ಇದನ್ನು ತೋರಿಸಲು ಹುಬ್ಬಳ್ಳಿಯವರಿಗೆ ಬೇರೆ ಕಡೆ ಹೋಗಬೇಕಾಗಿಯೂ ಇಲ್ಲ. ನಮ್ಮ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ 1,507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್, 2023ರ ಮಾರ್ಚ್ 12ರಂದು ಉದ್ಘಾಟನೆಯಾದದ್ದು, ಜಗತ್ತಿನಲ್ಲೇ ಉದ್ದದ್ದು. ರೈಲಿಗೆ ಒಂದು ತಾಸು ಮೊದಲು ಹೋಗಿ ಮಕ್ಕಳನ್ನು ಅಲ್ಲಿ ನಡೆಸಿ. ಎರಡು ಡಬ್ಬಿ ಎಣಿಸಿ, ಇದನ್ನು ಎತ್ತಿ ನಿಲ್ಲಿಸಿದರೆ ರಾಕೆಟ್ ಅನ್ನಿ. ಕಾಲೂ ದಣಿಯುತ್ತದೆ, ರಾತ್ರಿ ಬೇಗ ಮಲಗುತ್ತಾರೆ. ಎರಡನೆಯ ಲಾಭ ಮೊದಲನೆಯದಕ್ಕಿಂತ ದೊಡ್ಡದು.

ಬುತ್ತಿ ಮತ್ತು ಕಾಯುವುದು

ರಾಕೆಟ್ ಕಣ್ಣಿಗೆ ಕಾಣುವುದು ಎರಡು-ಮೂರು ನಿಮಿಷ. ಅದಕ್ಕಾಗಿ ನಾವು ಕಾದದ್ದು ಅರ್ಧ ದಿನ. ಮಕ್ಕಳ ಜೊತೆ ಇಂಥ ಟ್ರಿಪ್ ಮಾಡುವುದು ಅಂದರೆ ಕಾಯುವುದನ್ನು ಸಂಭಾಳಿಸುವುದು.

ಹೊಟ್ಟೆಯಿಂದ ಶುರು ಮಾಡಿ. ಕಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಒಗ್ಗರಣೆ ಹಾಕಿದ ಚುರುಮುರಿ. ಎರಡು ದಿನ ಇಟ್ಟರೂ ಕೆಡುವುದಿಲ್ಲ. ಸಿಹಿ ಕಡಿಮೆ ಇರಲಿ, ನೀರಡಿಕೆ ಜಾಸ್ತಿಯಾಗುತ್ತದೆ. ಗೇಟಿನ ಹೊರಗೇ ಹೊಟ್ಟೆ ತುಂಬಾ ಉಣಿಸಿ. ನಾವು ಹೋದ ಜುಲೈನಲ್ಲಿ ಧಾರವಾಡದಲ್ಲಿ ಜಿಟಿಜಿಟಿ ಮಳೆ, ಅಲ್ಲಿ ಬೆವರಿಳಿಸುವ ಸೆಕೆ. ಸ್ವೆಟರ್ ಹಾಕಿಸಿ ಹೊರಟ ಅತ್ತೆ ಅದನ್ನು ನೆನೆದು ಈಗಲೂ ನಗುತ್ತಾರೆ. ಟೋಪಿ, ತೆಳು ಹತ್ತಿ ಬಟ್ಟೆ, ಹಾಸಲು ಒಂದು ಹಳೇ ಚಾದರ ಸಾಕು.

ಒಳಗೆ ಹೋದ ಕೂಡಲೇ ಮೊದಲು ಶೌಚಾಲಯ ಎಲ್ಲಿದೆ ನೋಡಿಕೊಳ್ಳಿ. ಇನ್ನು ಇಪ್ಪತ್ತು ನಿಮಿಷ ಇದೆ ಅನ್ನುವಾಗ ಎಲ್ಲರನ್ನೂ ಒಮ್ಮೆ ಕಳಿಸಿ, ಬೇಡ ಅಂದರೂ ಕಳಿಸಿ. ನಮ್ಮ ಮುಂದೆ ಕೂತಿದ್ದ ಒಬ್ಬ ತಂದೆ ಸರಿಯಾಗಿ ಕೊನೆಯ ಐದು ನಿಮಿಷಕ್ಕೆ ಮಗುವನ್ನು ಎತ್ತಿಕೊಂಡು ಓಡಿದರು. ಅವರು ತಿರುಗಿ ಬಂದಾಗ ಆಕಾಶದಲ್ಲಿ ಹೊಗೆ ಅಷ್ಟೇ ಇತ್ತು.

ಕಾಯುವಾಗ ಮೊಬೈಲ್ ಕೊಟ್ಟರೆ ಮುಗಿಯಿತು, ಆಮೇಲೆ ಕಸಿದುಕೊಳ್ಳುವಾಗ ಜಗಳ. ನಾವು ಎರಡು ನೋಟ್‌ಬುಕ್ ಒಯ್ದಿದ್ದೆವು. ದೊಡ್ಡವನಿಗೆ ಒಂದು ಕೆಲಸ: ಅಕ್ಕಪಕ್ಕದವರು ಯಾವ ಊರಿನಿಂದ ಬಂದಿದ್ದಾರೆ ಅಂತ ಕೇಳಿ ಬರೆಯುವುದು. ಮೊದಲು ನಾಚಿದ. ಆಮೇಲೆ ಹದಿನಾಲ್ಕು ಊರು ಬರೆದ. ಭಾಷೆ ಬಾರದ ಕಡೆ ಅವರೇ ನೋಟ್‌ಬುಕ್ ತಗೊಂಡು ತಮ್ಮ ಲಿಪಿಯಲ್ಲಿ ಊರಿನ ಹೆಸರು ಬರೆದುಕೊಟ್ಟರು. ತೆಲುಗು, ತಮಿಳು, ಒಂದು ಬಂಗಾಳಿ. ಆ ಹಾಳೆ ನಮ್ಮ ಮನೆಯ ಫ್ರಿಜ್ ಮೇಲೆ ಇನ್ನೂ ಇದೆ. ಚಿಕ್ಕವಳು ರಾಕೆಟ್ ಬರೆದು ಅದಕ್ಕೆ ಕಿಟಕಿ, ಕಿಟಕಿಯಲ್ಲಿ ಆಯಿಯನ್ನು ಕೂರಿಸಿದ್ದಳು.

ಹಾರುವ ಹೊತ್ತು

ಮೊಬೈಲ್ ಜೇಬಿನಲ್ಲಿಡಿ. ಇದು ನಾನು ಸುಮ್ನೆ ಹೇಳುವ ಮಾತಲ್ಲ. ನಮ್ಮವರು ವಿಡಿಯೊ ಮಾಡಿದರು. ಅದರಲ್ಲಿ ಯಾರದೋ ತಲೆ, ಅಲುಗಾಡುವ ಆಕಾಶ, ಬೆರಳು, ಮತ್ತೆ ತಲೆ. ರಾಕೆಟ್ ಎಲ್ಲಿ ಅಂತ ಇವತ್ತಿಗೂ ಹುಡುಕುತ್ತಿದ್ದೇವೆ. ಟಿವಿಯವರು ಇದಕ್ಕಿಂತ ನೂರು ಪಟ್ಟು ಚೆನ್ನಾಗಿ ತೆಗೆದಿರುತ್ತಾರೆ. ಫೋಟೊ ಬೇಕೇ ಬೇಕು ಅಂದರೆ ರಾಕೆಟ್ ಕಡೆ ಬೆನ್ನು ಮಾಡಿ ಮಕ್ಕಳ ಮುಖದ್ದು ಒಂದು ತೆಗೆಯಿರಿ.

ಮಧ್ಯಾಹ್ನ 2.35. ಮೊದಲು ಕಂಡದ್ದು ಬೆಳಕು. ವೆಲ್ಡಿಂಗ್ ಮಾಡುವಾಗ ಬರುತ್ತದಲ್ಲ, ಹಾಗೆ ಕಣ್ಣಿಗೆ ಚುಚ್ಚುವ ಬೆಳಕು, ಕೆಳಗೆ ಬಿಳಿ ಹೊಗೆ. ಸದ್ದೇ ಇಲ್ಲ. ಅಷ್ಟು ದೊಡ್ಡ ವಸ್ತು ಸದ್ದಿಲ್ಲದೆ ಮೇಲೇಳುತ್ತದೆ. ಸದ್ದು ಆಮೇಲೆ ಬರುತ್ತದೆ, ಕಿವಿಗಿಂತ ಮೊದಲು ಎದೆಗೆ. ಬೆಳಕು ಕಂಡ ಕೂಡಲೇ ಸೆಕೆಂಡು ಎಣಿಸಲು ಶುರು ಮಾಡಿ, ಸದ್ದು ಬಂದಾಗ ನಿಲ್ಲಿಸಿ, ಮೂರರಿಂದ ಭಾಗಿಸಿದರೆ ಎಷ್ಟು ಕಿಲೋಮೀಟರ್ ದೂರ ಅಂತ ಸಿಗುತ್ತದೆ. ಗುಡುಗಿಗೂ ಇದೇ ಲೆಕ್ಕ. ಮಗನಿಗೆ ವಾರವಿಡೀ ಇದನ್ನು ಕಲಿಸಿದ್ದೆ. ಬೆಳಕು ಕಂಡಾಗ ಬಾಯಿ ತೆರೆದು ನಿಂತ, ಎಣಿಸುವುದು ಮರೆತೇ ಹೋಯಿತು. ನಾನೂ ಮರೆತೆ.

ಚಿಕ್ಕವಳು ಹೆದರಿದಳು. ಅವಳಿಗೆ ಸದ್ದಿನ ಬಗ್ಗೆ ಮೊದಲೇ ಹೇಳಿರಲಿಲ್ಲ, ಅದು ನನ್ನ ತಪ್ಪು. ಅಪ್ಪನ ಅಂಗಿಯಲ್ಲಿ ಮುಖ ಹುದುಗಿಸಿ ನಿಂತವಳು ಕಡೆಗೂ ರಾಕೆಟ್ ನೋಡಲಿಲ್ಲ. ಚಿಕ್ಕ ಮಕ್ಕಳಿಗೆ ಮೊದಲೇ ಹೇಳಿ: ಗುಡುಗಿನ ಹಾಗೆ ಸದ್ದು ಬರುತ್ತದೆ, ಬಂದು ಹೋಗುತ್ತದೆ, ಅದು ನಮ್ಮ ಹತ್ತಿರ ಬರುವುದಿಲ್ಲ. ಕಿವಿಗೆ ಸ್ವಲ್ಪ ಹತ್ತಿ ಇಡಿ.

ಇನ್ನೊಂದು ಮಾತು. ರಾಕೆಟ್ ಮೋಡದಲ್ಲಿ ಮರೆಯಾದ ಕೂಡಲೇ ಅರ್ಧ ಜನ ಎದ್ದು ಬಾಗಿಲಿಗೆ ಓಡುತ್ತಾರೆ. ನೀವು ಏಳಬೇಡಿ. ನಿಜವಾದ ಪರೀಕ್ಷೆ ಇನ್ನೂ ನಡೆದಿರುತ್ತದೆ. ಚಂದ್ರಯಾನ-3 ರಾಕೆಟ್ಟಿನಿಂದ ಬೇರೆಯಾದದ್ದು ಹಾರಿದ ಸುಮಾರು 16 ನಿಮಿಷಕ್ಕೆ. ಪರದೆ ಮೇಲೆ ಆ ಸುದ್ದಿ ಬಂದಾಗಿನ ಚಪ್ಪಾಳೆಯೇ ಬೇರೆ. ಅಷ್ಟರಲ್ಲಿ ಗೇಟಿನ ಗದ್ದಲವೂ ಕರಗಿರುತ್ತದೆ.

ಹೋಗಲಾಗದಿದ್ದರೆ

ಈಗ ಆ ಖಾನಾವಳಿಗೆ ಬರೋಣ. ಎಲ್ಲರಿಗೂ ಶ್ರೀಹರಿಕೋಟಾಕ್ಕೆ ಹೋಗಲಾಗುವುದಿಲ್ಲ, ಚಂದ್ರನ ಮೇಲಂತೂ ಯಾರಿಗೂ ಆಗುವುದಿಲ್ಲ. ಅಂಥ ಗಳಿಗೆ ಟ್ರಿಪ್ಪಿನ ನಡುವೆ ಬಂದರೆ ಗಾಡಿ ನಿಲ್ಲಿಸಿ. ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ಓಡುವ ಕಾರಿನಲ್ಲಿ ನೋಡಬೇಡಿ. ಜನ ಇರುವ ಕಡೆ ಹೋಗಿ. ಖಾನಾವಳಿ, ಚಹಾದಂಗಡಿ, ಬಸ್ ಸ್ಟ್ಯಾಂಡ್, ಎಲ್ಲಾದರೂ ಸರಿ. ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ. ಏನಾದರೂ ಆರ್ಡರ್ ಮಾಡಿ ಕೂರುವುದು ಮರ್ಯಾದೆ.

ಪರದೆಯಲ್ಲಿ ಏನು ನೋಡಬೇಕು ಅಂತ ಮಗುವಿಗೆ ಮೊದಲೇ ಗೊತ್ತಿರಬೇಕು. ಚಂದ್ರಯಾನ-3ರ ಲ್ಯಾಂಡರ್, ಅಂದರೆ ಚಂದ್ರನ ಮೇಲಿಳಿಯುವ ನೌಕೆ ವಿಕ್ರಮ್ ಇಳಿಯುವಾಗ ಚಿತ್ರ ಕಡಿಮೆ, ಗೆರೆ ಮತ್ತು ಅಂಕಿ ಜಾಸ್ತಿ. 30 ಕಿ.ಮೀ. ಎತ್ತರದಲ್ಲಿ ಸೆಕೆಂಡಿಗೆ ಸುಮಾರು 1.68 ಕಿ.ಮೀ. ವೇಗ. ಅಷ್ಟು ಓಟವನ್ನು 19 ನಿಮಿಷದಲ್ಲಿ ಸೊನ್ನೆಗೆ ತರಬೇಕು. ಹೋಲಿಕೆಗೆ: ಆ ವೇಗದಲ್ಲಿ ಹೊರಟರೆ ಗದಗದಿಂದ ಹುಬ್ಬಳ್ಳಿಗೆ ಹೆಚ್ಚುಕಡಿಮೆ ಅರ್ಧ ನಿಮಿಷ. ನಾವು ಅದೇ ರಸ್ತೆಯಲ್ಲಿ ಟ್ರ್ಯಾಕ್ಟರ್ ಹಿಂದೆ ಸಿಕ್ಕಿಬಿದ್ದಿದ್ದೆವು.

ಮಗ ಕುರ್ಚಿ ಮೇಲೆ ನಿಂತು ಎಲ್ಲರಿಗೂ ಹೇಳುತ್ತಿದ್ದ: ಗೆರೆ ದಾರಿ ಬಿಟ್ಟು ಸರಿಯಬಾರದು, ಹೋದ ಸಲ ಸರಿದಿತ್ತು. ಒಳಗೆ ರೊಟ್ಟಿ ಬಡಿಯುತ್ತಿದ್ದ ಅಕ್ಕ ಒಮ್ಮೆ ಬಂದು ಇಣುಕಿ “ಇಳೀತೇನ್ರಿ?” ಅಂದರು. ಇನ್ನೂ ಇಲ್ಲ. ಮತ್ತೆ ಪಟಪಟ ಸದ್ದು. ಎತ್ತರದ ಅಂಕಿ 800 ಮೀಟರಿಗೆ ಬಂದಾಗ ಆ ಸದ್ದು ನಿಂತಿತು. ನೋಡಿದರೆ ಅವರು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಒರಗಿ ನಿಂತಿದ್ದಾರೆ. 150 ಮೀಟರಿನಲ್ಲಿ ಅದು ನಿಂತು ಜಾಗ ನೋಡಿಕೊಂಡಿತು. 6.04. ಪರದೆಯಲ್ಲಿ ಎಲ್ಲರೂ ಎದ್ದು ನಿಂತರು. ಒಳಗೆ ಹಂಚಿನ ಮೇಲೆ ಒಂದು ರೊಟ್ಟಿ ಕರ‍್ರಗೆ ಸುಟ್ಟ ವಾಸನೆ. ನಾನು ಗಾಡಿಗೆ ಹೋಗಿ ಅವ್ವ ಕಟ್ಟಿಕೊಟ್ಟ ಡಬ್ಬಿ ತಂದೆ. ಶೇಂಗಾ ಉಂಡಿ, ಎಳ್ಳುಂಡಿ ಎಲ್ಲರ ಕೈಗೂ. ಮಾಲೀಕರು ಚಹಾದ ದುಡ್ಡು ತಗೊಳ್ಳಲಿಲ್ಲ.

ಕೆಟ್ಟರೆ ಏನು ಹೇಳಬೇಕು

2019ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಚಂದ್ರಯಾನ-2ರ ಲ್ಯಾಂಡರ್ 2.1 ಕಿ.ಮೀ. ಎತ್ತರದವರೆಗೆ ಸರಿಯಾಗಿ ಬಂದು ಆಮೇಲೆ ದಾರಿ ತಪ್ಪಿತು. ಮಗ ಆಗ ಚಿಕ್ಕವನು, ನಿದ್ದೆಗಣ್ಣಲ್ಲಿ “ಬಿತ್ತಾ?” ಅಂದ. ನಾವು ಟಿವಿ ಆರಿಸಿ ಮಲಗಿಸಿಬಿಟ್ಟೆವು. ಹಾಗೆ ಮಾಡಬಾರದಿತ್ತು. ಆರಿಸಬೇಡಿ, ಹತ್ತು ನಿಮಿಷ ಕೂತು ನೋಡಲಿ. ಬಿತ್ತು, ಯಾಕೆ ಅಂತ ಹುಡುಕುತ್ತಾರೆ, ಮತ್ತೆ ಮಾಡುತ್ತಾರೆ ಅಂತ ಹೇಳಿ. ಅಷ್ಟೇ ಸಾಕು, ಭಾಷಣ ಬೇಡ.

ಮನೆಗೆ ಬಂದ ರಾತ್ರಿ

ಅವತ್ತೇ ಬರೆಸಿ. ನಾಳೆ ಅಂದರೆ ಟಿವಿಯಲ್ಲಿ ನೋಡಿದ್ದು, ಶಾಲೆಯಲ್ಲಿ ಕೇಳಿದ್ದು ಎಲ್ಲ ಬೆರೆತುಹೋಗುತ್ತದೆ. ನಾಲ್ಕು ಸಾಲು ಸಾಕು. ಎಲ್ಲಿದ್ದೆ, ಪಕ್ಕದಲ್ಲಿ ಯಾರಿದ್ದರು, ಏನು ತಿಂದೆ, ಏನು ವಾಸನೆ ಬಂತು. ಮಗನ ಸಾಲಿನಲ್ಲಿ ಸುಟ್ಟ ರೊಟ್ಟಿ ಇದೆ, ಇಸ್ರೋ ಇಲ್ಲ. ನಾನು ತಿದ್ದಲಿಲ್ಲ.

ಆಮೇಲೆ ಮನೆಯ ಹಿರಿಯರಿಗೆ ಫೋನ್ ಮಾಡಿಸಿ, ಅವರ ಕಾಲದ್ದು ಕೇಳಿಸಿ. ನಾವು ಅಂದು ರಾತ್ರಿ ಅಪ್ಪನಿಗೆ ಮಾಡಿದೆವು. “ಅಜ್ಜ, ನೀ ಇಂಥಾದ್ದು ಏನರ ನೋಡೀಯೇನು?” ಅಂತ ಮಗ ಕೇಳಿದ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ನಾನೂ ಕೇಳಿರದ ಕಥೆ ಹೇಳಿದರು.

1980ರ ಫೆಬ್ರುವರಿ 16. ಪೂರ್ಣ ಸೂರ್ಯಗ್ರಹಣದ ನೆರಳು ಕಾರವಾರ, ಹುಬ್ಬಳ್ಳಿ, ಗದಗ, ರಾಯಚೂರು ಸೀಮೆಯ ಮೇಲೇ ಹಾದುಹೋಯಿತು. ಅದನ್ನು ನೋಡಲು ಎಲ್ಲೆಲ್ಲಿಂದಲೋ ವಿಜ್ಞಾನಿಗಳು ನಮ್ಮ ನಾಡಿಗೆ ಬಂದಿದ್ದರು. ಅಪ್ಪ ಆಗ ಎಸ್ಸೆಸ್ಸೆಲ್ಸಿ. ಅಜ್ಜಿ ಬಾಗಿಲು ಹಾಕಿ ಅಗಳಿ ಜಡಿದು ಎಲ್ಲರನ್ನೂ ಒಳಗೆ ಕೂರಿಸಿದ್ದರಂತೆ. “ಹಂಚಿನ ಸಂದ್ಯಾಗಿಂದ ನೆಲದ ಮ್ಯಾಲೆ ಬಿಸಿಲು ಬೀಳತಿತ್ತು ನೋಡು. ದಿನಾ ರೊಕ್ಕದಂಗ ದುಂಡಗ ಬೀಳೂದು, ಅವತ್ತು ಕುಡುಗೋಲಿನಂಗ ಬಿದ್ದಿತ್ತು. ಆಮ್ಯಾಲೆ ಕತ್ತಲಾತು. ಕೋಳಿ ಗೂಡಿಗೆ ಹೋದ್ವು.”

“ಅಜ್ಜ, ಅದು ಬಿಸಿಲಲ್ಲ. ಸೂರ್ಯನ ಚಿತ್ರ ಅದು. ಸಣ್ಣ ತೂತಿಂದ ಬಂದ್ರ ಹಂಗ ಮೂಡ್ತದ. ನೀ ಗ್ರಹಣ ನೋಡೀದಿ” ಅಂದ ಮಗ.

ಆ ಕಡೆ ಅಪ್ಪ ಏನೂ ಅನ್ನಲಿಲ್ಲ. ಆಮೇಲೆ ಮುಂದಿನದು ಯಾವಾಗ ಅಂತ ಕೇಳಿದರು. ದೊಡ್ಡದೊಂದು 2027ರ ಆಗಸ್ಟ್ 2ಕ್ಕಿದೆ. ಪೂರ್ಣ ಗ್ರಹಣ ಕಾಣುವುದು ಈಜಿಪ್ಟ್ ಕಡೆ, ನಮ್ಮಲ್ಲಿ ಸಂಜೆಯ ಹೊತ್ತು ಸೂರ್ಯನ ಒಂದಿಷ್ಟು ಭಾಗ ಮುಚ್ಚುತ್ತದೆ. ಮಳೆಗಾಲ, ಮೋಡ ಬಿಟ್ಟರೆ ಉಂಟು. ಸೂರ್ಯನನ್ನು ಬರಿಗಣ್ಣಿಂದ ನೋಡಬಾರದು, ಬೆನ್ನು ತಿರುಗಿಸಿ ನಿಂತು ಅಡುಗೆಮನೆಯ ತೂತಿನ ಜರಡಿ ಹಿಡಿದು ಅದರ ನೆರಳನ್ನು ಬಿಳಿ ಕಾಗದದ ಮೇಲೆ ಬೀಳಿಸಿದರೆ ತೂತಿಗೊಂದು ಕಚ್ಚಿದ ಸೂರ್ಯ ಮೂಡುತ್ತದೆ. ಮಗ ಇಷ್ಟನ್ನೂ ಫೋನಿನಲ್ಲೇ ವಿವರಿಸಿದ.

“ಯಾವ ವಾರ?” ಅಂದರು ಅಪ್ಪ.

“ಸೋಮವಾರ.”

“ಸಾಲಿ ಬಿಟ್ಟ ಕೂಡಲೇ ಬಸ್ ಹತ್ತಿ ಬಂದ್ರೂ ಹೊತ್ತಾಗ್ತದಲ್ಲೋ. ಹಿಂದಿನ ದಿನಾನ ಬಾ. ಜರಡಿ ನಾ ತಗದಿಟ್ಟಿರ್ತೀನಿ.”